ಕೆಂಚಮ್ಮನ ಹಳದಿ

ಕೆಂಚಮ್ಮ ಬದುಕಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮಲ್ಲಿ ಕಸುಬಿನವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕಾದರೆ ಅವರು ಮೊದಲು ಸಾಯಬೇಕು, ಆಮೇಲೆ ಹಾರ ಹಾಕಿದ ಫೋಟೋದ ಪಕ್ಕ ಯಾರಾದರೂ ಮೈಕು ಹಿಡಿದು ನಿಲ್ಲಬೇಕು. ಕೆಂಚಮ್ಮನ ವಿಷಯದಲ್ಲಿ ಆ ಮೈಕು ನನ್ನ ಕೈಗೇ ಬಂದರೂ ಬರಬಹುದು. ಅಷ್ಟು ನಾಚಿಕೆಗೆಟ್ಟವನು ನಾನಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನನ್ನ ಹೆಸರು ವಹಾಬ್. ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಆಲೆ ಮರ ಕಡೆದು ಬೊಂಬೆ ಮಾಡಿದವನು. ಕೆಂಚಮ್ಮ ಆ ಬೊಂಬೆಗಳಿಗೆ ಬಣ್ಣ ಮಾಡುತ್ತಿದ್ದವಳು. ಆಕೆಗೆ ನಾನು ಒಂದು ಅನ್ಯಾಯ ಮಾಡಿದ್ದೇನೆ. ಅದನ್ನು ಬಿಟ್ಟು ಆಕೆಯ ಬದುಕನ್ನು ಬರೆದರೆ ಅದು ಶಾಲೆಯ ಮಕ್ಕಳು ಬರೆಯುವ ಪ್ರಬಂಧವಾಗುತ್ತದೆ.

ಆಕೆ ನಮ್ಮ ಕಾರ್ಖಾನೆಯ ಹೊಸಿಲಿಗೆ ಮೊದಲು ಬಂದದ್ದು ಎಪ್ಪತ್ತನಾಲ್ಕರಲ್ಲಿ. ಕಾರ್ಖಾನೆ ಅಂದರೆ ನಮ್ಮ ಮನೆಯ ಮುಂದಿನ ತಗಡಿನ ಶೆಡ್ಡು, ಎರಡು ಲೇತು, ಒಂದು ಇದ್ದಿಲು ಒಲೆ. ಆಕೆಯ ಗಂಡ ಬೋರಲಿಂಗಯ್ಯ ಕಣ್ವದ ಕಡೆಯ ಒಕ್ಕಲಿನವನು. ಇದ್ದ ಹಿಪ್ಪುನೇರಳೆ ತೋಟ ಅಣ್ಣತಮ್ಮಂದಿರಲ್ಲಿ ಹಂಚಿ ಹೋಗಿ, ನಮ್ಮಲ್ಲಿ ಲೇತಿಗೆ ಕೂತಿದ್ದ. ಅವನಿಗೆ ಬುತ್ತಿ ತಂದವಳು ಒಲೆಯ ಪಕ್ಕ ನಿಂತು ನನ್ನ ತಾಯಿ ಶರ್ಫುನ್ನೀಸಾ ಅರಗು ಕಲಸುವುದನ್ನು ನೋಡಿದಳು. ಮಾರನೆಯ ದಿನವೂ ನೋಡಿದಳು. ಮೂರನೆಯ ದಿನ ಕೈ ತೊಳೆದುಕೊಂಡು ಬಂದು, "ಒಸಿ ನಾನೂ ಎಳೀಲಾ ಅಮ್ಮ?" ಅಂದಳು.

ಇದ್ದಿಲ ಕಾವಿನಲ್ಲಿ ಅರಗು ಮೆತ್ತಗಾಗುತ್ತದೆ. ಅದಕ್ಕೆ ಬಣ್ಣ ಹಾಕಿ, ಎಳೆದು, ಮಡಚಿ, ಕಲ್ಲಿನ ಮೇಲೆ ಬಡಿದು, ಮತ್ತೆ ಎಳೆಯಬೇಕು. ಹಳದಿಗೆ ಅರಿಸಿನ, ಕಂದು ಬಣ್ಣಕ್ಕೆ ಕಾಚು, ಕೇಸರಿಗೆ ರಂಗಮಾಲೆಯ ಬೀಜ, ನೀಲಿಗೆ ನೀಲಿ ಗಿಡ. ಹಸಿರು ಬೇಕಾದರೆ ನೀಲಿಗೂ ಅರಿಸಿನಕ್ಕೂ ಮದುವೆ ಮಾಡಿಸಬೇಕು. ನೂರು ಸಲ ಎಳೆದ ಮೇಲೆ ಸಗಣಿ ಬಣ್ಣದ ಮುದ್ದೆ ನಿಧಾನಕ್ಕೆ ಬೆಳಕಾಗುತ್ತದೆ. ಅದನ್ನು ಕಡ್ಡಿಯಾಗಿ ಹೊಸೆದರೆ ನಮ್ಮ ಕೈಗೆ ಬಂತು. ತಿರುಗುವ ಮರಕ್ಕೆ ಆ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ನನ್ನ ಹೆಂಡತಿಗೆ ಹೊಗೆ ಆಗುತ್ತಿರಲಿಲ್ಲ, ತಾಯಿಗೆ ಕಣ್ಣು ಮಂಜಾಗುತ್ತಿತ್ತು. ಹೀಗಾಗಿ ನಮ್ಮ ಮನೆಯ ವಿದ್ಯೆ ಕೆಂಚಮ್ಮನ ಕೈಗೆ ಹೋಯಿತು. ಬೀದಿಯಲ್ಲಿ ಒಂದಿಬ್ಬರು ಗೊಣಗಿದರು. "ಕಲಿಯೋರಿಗೆ ಕಲಿಸ್ದೆ, ನಿಮ್ಮನೇಲಿ ಯಾರಾದ್ರೂ ಬತ್ತಾರಾ ಕಳಿಸಿ," ಅಂದಳು ನನ್ನ ತಾಯಿ. ಯಾರೂ ಕಳಿಸಲಿಲ್ಲ.

ತಾಯಿ ಆಕೆಗೆ ಕಲಿಸಿದ ಕೊನೆಯ ಪಾಠ ನಾಲಗೆಯದು. ಬೊಂಬೆ ಕೊನೆಗೆ ಹೋಗುವುದು ಮಗುವಿನ ಬಾಯಿಗೆ. ಅದಕ್ಕೇ ಪ್ರತಿ ಎಳೆತದ ಮೊದಲ ಕಡ್ಡಿಯನ್ನು ಮಾಡಿದವಳು ತನ್ನ ನಾಲಗೆಯ ಮೇಲೆ ಇಟ್ಟುಕೊಳ್ಳಬೇಕು, ನೂರು ಎಣಿಸುವ ತನಕ. ಉರಿದರೆ, ಒಗರಾದರೆ, ಬಾಯಿ ಜೋಮು ಹಿಡಿದರೆ, ಇಡೀ ಮುದ್ದೆ ಒಲೆಗೆ. ಕೆಂಚಮ್ಮ ಇದನ್ನು ವ್ರತದಂತೆ ಮಾಡಿದಳು. ಕಡ್ಡಿಗಳ ಕಟ್ಟು ನನಗೆ ಕೊಡುವಾಗ ಪ್ರತಿ ಸಲವೂ, "ನನ್ನ ಬಾಯಿ ದಾಟೈತೆ, ಮಗೀಗೆ ಕೊಡಬೌದು," ಅನ್ನುತ್ತಿದ್ದಳು. ನಾನು ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ಪೊಟ್ಟಣದ ಬಣ್ಣ ಬಂತು. ಒಂದು ಚಿಟಿಕೆ ಹಾಕಿದರೆ ಕಣ್ಣು ಕುಕ್ಕುವ ಹಳದಿ. ಕುಟ್ಟುವುದಿಲ್ಲ, ಸೋಸುವುದಿಲ್ಲ, ಹತ್ತು ಸಲ ಎಳೆದರೆ ಸಾಕು. ಬಿಸಿಲಿಗೆ ಇಟ್ಟರೂ ಮಾಸುವುದಿಲ್ಲ. ಹೆದ್ದಾರಿಯ ಅಂಗಡಿಗಳಿಗೆ ಬೇಕಾದದ್ದು ಅದೇ. ಮೈಸೂರಿಗೆ ಹೋಗುವ ಕಾರು ನಿಲ್ಲಬೇಕಾದರೆ ಬೊಂಬೆ ದೂರದಿಂದಲೇ ಕೂಗಬೇಕು. ಕೆಂಚಮ್ಮನ ಹಳದಿ ಕೂಗುವಂಥದ್ದಲ್ಲ. ಬಿಸಿಲಿಗೆ ಮಾಸುತ್ತಿತ್ತು ಕೂಡ. ಅದನ್ನು ಅಂಗಡಿಯವನೊಬ್ಬ ಎತ್ತಿ ಆಡಿದಾಗ, "ಬಿಸಿಲಲ್ಲಿ ಮಡುಗಿದ್ರೆ ಮಗಾನೂ ಬಾಡ್ತದೆ. ಮಗಾನ ಬಿಸಾಕ್ತೀರಾ?" ಅಂದಳಂತೆ. ಅವನು ಮಗುವನ್ನು ಬಿಸಾಕಲಿಲ್ಲ, ಆಕೆಯ ಕಡ್ಡಿ ಬಿಸಾಕಿದ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆಕೆಯ ಅರಿಸಿನ ನಿಜಕ್ಕೂ ಹಿತ್ತಲದ್ದೇ, ಬಚ್ಚಲ ನೀರಿನಲ್ಲಿ ಬೆಳೆದದ್ದು. ತಾನೇ ಕಿತ್ತು, ಬೇಯಿಸಿ, ಒಣಗಿಸಿ, ಕುಟ್ಟಿ, ಹಳೆಯ ಪಂಚೆಯಲ್ಲಿ ಸೋಸಿ ಮಾಡುತ್ತಿದ್ದಳು. ಇಪ್ಪತ್ತು ವರ್ಷ ಆ ಹಳದಿಯನ್ನು ಕೇಳುವವರು ಬೆರಳೆಣಿಕೆಯಷ್ಟು. ಅವರಲ್ಲಿ ನಾನೂ ಒಬ್ಬ. ಯಾವುದಕ್ಕೆ ಕೇಳುತ್ತಿದ್ದೆ ಅಂತಲೂ ಹೇಳುತ್ತೇನೆ. ನನ್ನ ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ ಗಿಲಕಿ ಕಡೆಯುವಾಗ ಕೆಂಚಮ್ಮನ ಕಡ್ಡಿ. ಮಾರುವ ಗಿಲಕಿಗೆ ಪೊಟ್ಟಣದ ಹಳದಿ. ನಾನೊಬ್ಬನೇ ಅಲ್ಲ, ನಮ್ಮ ಬೀದಿಯ ಎಲ್ಲರೂ ಹಾಗೇ. ಊರ ಮಕ್ಕಳ ಬಾಯಿಗೆ ಏನು ಹೋಗುತ್ತಿದೆ ಅಂತ ನಮಗೆ ಗೊತ್ತಿರಲಿಲ್ಲ ಅಂದರೆ ಅದು ಸುಳ್ಳು.

ಬೋರಲಿಂಗಯ್ಯ ಅರಿಸಿನ ಕಾಮಾಲೆಯಾಗಿ ತೀರಿಕೊಂಡ. ಇದ್ದ ಒಬ್ಬ ಮಗ ಹಾರೋಹಳ್ಳಿಯ ಫ್ಯಾಕ್ಟರಿಯೊಂದಕ್ಕೆ ಸೇರಿದ. ಕೆಂಚಮ್ಮ ಮಾತ್ರ ಒಲೆ ಆರಿಸಲಿಲ್ಲ. ವಾರಕ್ಕೊಂದು ಸಲವಾದರೂ ಒಂದು ಮುದ್ದೆ ಎಳೆಯುತ್ತಿದ್ದಳು. ಯಾಕೆ ಅಂತ ಕೇಳಿದರೆ, "ಕೈ ಮರ್ತೋಯ್ತದೆ," ಅನ್ನುತ್ತಿದ್ದಳು.

ಎರಡು ಸಾವಿರದ ಎಂಟರಲ್ಲಿ ಗಾಳಿ ತಿರುಗಿತು. ಪರದೇಶದವರಿಗೆ ಇದ್ದಕ್ಕಿದ್ದಂತೆ ಗಿಡಮೂಲದ ಬಣ್ಣದ ಮೇಲೆ ಪ್ರೀತಿ ಹುಟ್ಟಿತು. ಬೆಂಗಳೂರಿನ ಒಂದು ಕಂಪನಿಯವರು ಖಾದಿ ಸೀರೆ ಉಟ್ಟ ಹೆಂಗಸರನ್ನು ಕರೆದುಕೊಂಡು ನಮ್ಮ ಸಂಘಕ್ಕೆ ಬಂದರು. ಇಪ್ಪತ್ತು ಜನ ಕಡೆತದವರ ಸಣ್ಣ ಸಂಘ ನಮ್ಮದು, ಕಾರ್ಯದರ್ಶಿ ಹನುಮಂತಯ್ಯ. ಇಡೀ ಚನ್ನಪಟ್ಟಣ ಪೊಟ್ಟಣ ಹರಿಯುತ್ತಿದ್ದಾಗ ಹಳೆಯ ಬಣ್ಣ ಬಲ್ಲವರು ಯಾರು ಅಂತ ಹುಡುಕಿದರೆ ನಮ್ಮ ಸಂಘಕ್ಕೆ ಸಿಕ್ಕಿದ್ದು ಕೆಂಚಮ್ಮ ಒಬ್ಬಳೇ. ಹನುಮಂತಯ್ಯ ಜೀಪು ಕಳಿಸಿದ. ಎಂದೂ ಆಕೆಯ ಕಡೆ ತಿರುಗಿ ನೋಡದವನು ಅಂದು, "ಬನ್ನಿ ತಾಯಿ, ಕೂತ್ಕೊಳಿ ತಾಯಿ," ಅಂದ.

ಆ ವರ್ಷ ಕೆಂಚಮ್ಮನ ವರ್ಷ. ಐವತ್ತು ದಾಟಿದ ಹೆಂಗಸು, ದಿನಕ್ಕೆ ಎರಡು ಮುದ್ದೆ ಎಳೆಯುತ್ತಿದ್ದಳು, ಇಬ್ಬರು ಹೆಂಗಸರಿಗೆ ಕಲಿಸುತ್ತಿದ್ದಳು. ಪ್ರತಿ ಬೊಂಬೆಯ ಪೆಟ್ಟಿಗೆಯಲ್ಲೂ ಕಂಪನಿಯವರು ಒಂದು ಚೀಟಿ ಇಟ್ಟರು. ಅದರಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚಾಗಿತ್ತು: ಬಣ್ಣ ಮಾಡಿದವರು ಕೆಂಚಮ್ಮ. ಆಕೆಗೆ ಓದು ಬರುವುದಿಲ್ಲ. ಸೊಸೆಯ ಕೈಲಿ ಓದಿಸಿ, ಆ ಅಕ್ಷರಗಳ ಮೇಲೆ ಬೆರಳು ಆಡಿಸಿ, "ಇದಾ? ಇದು ನಾನಾ?" ಅಂದಳು. ಆಕೆಯ ಮುಖದಲ್ಲಿ ಅಂಥ ಸಂತೋಷ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಕಂಪನಿಯ ಕಟ್ಟಳೆ ಬಿಗಿಯಾಗಿತ್ತು. ಪೊಟ್ಟಣದ ಬಣ್ಣ ಆ ಕಡೆ ಸುಳಿಯಬಾರದು. ಲೇತು ಕೆರೆದು ತೊಳೆಯಬೇಕು, ಉಳಿ ತಿಕ್ಕಬೇಕು, ತಾಳೆ ಗರಿ ಹೊಸದು ಬಳಸಬೇಕು. ತಾಳೆ ಗರಿ ಅಂದರೆ ಹಳ್ಳದ ದಂಡೆಯ ಕೇದಗೆಯ ಎಲೆ. ಅರಗು ಹತ್ತಿದ ಮೇಲೆ ತಿರುಗುವ ಮರಕ್ಕೆ ಅದನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಹೊಸ ಗರಿ ಒರಟು, ಮಾತು ಕೇಳುವುದಿಲ್ಲ. ವರ್ಷಗಟ್ಟಲೆ ಬಳಸಿದ ಗರಿ ಅರಗು ಕುಡಿದು ಕುಡಿದು ಕೈಗೆ ಪಳಗುತ್ತದೆ. ಅದರ ಹೊಳಪೇ ಬೇರೆ. ಪಳಗಿದ ಗರಿಯನ್ನು ಕಡೆತದವನು ಅಣ್ಣತಮ್ಮನಿಗೂ ಕೊಡುವುದಿಲ್ಲ. ಬಣ್ಣಕ್ಕೊಂದರಂತೆ ನನ್ನಲ್ಲಿ ನಾಲ್ಕು ಇದ್ದವು. ಹಳದಿಯ ಗರಿಗೆ ಹತ್ತು ವರ್ಷ ಆಗಿತ್ತು. ಹೊಳಪಿನ ವಿಷಯಕ್ಕೆ ಬಂದರೆ ವಹಾಬ್ ಅಂತ ಊರೆಲ್ಲ ಹೇಳುತ್ತಿತ್ತು, ನಾನೂ ಕೇಳಿಸಿಕೊಂಡು ಉಬ್ಬುತ್ತಿದ್ದೆ.

ಮೂರನೆಯ ಆರ್ಡರಿನ ಕೊನೆಯ ಪೆಟ್ಟಿಗೆ ತುಂಬುತ್ತಿದ್ದಾಗ, ಹನುಮಂತಯ್ಯ ನನ್ನ ಹಳದಿ ಗಿಲಕಿ ಎತ್ತಿ ಬೆಳಕಿಗೆ ಹಿಡಿದ. "ಏನ್ಲಾ ವಹಾಬ, ಕಳೆನೇ ಇಲ್ವಲ್ಲಾ. ವಯಸ್ಸಾಯ್ತಾ?" ಅಂದ. ತಮಾಷೆಗೆ ಅಂದ ಮಾತು. ನನಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಮಧ್ಯಾಹ್ನ ನಮ್ಮ ಶೆಡ್ಡಿಗೆ ಬಂದು, ಗೂಟಕ್ಕೆ ಸಿಕ್ಕಿಸಿಟ್ಟಿದ್ದ ಹಳೆಯ ಗರಿ ತೆಗೆದೆ. ಬಣ್ಣ ಹೇಗೂ ಕೆಂಚಮ್ಮನದು, ಗರಿ ಬಣ್ಣವಲ್ಲವಲ್ಲ, ಬರೀ ಒರೆಸುವ ಎಲೆ ಅಂದುಕೊಂಡೆ. ನಮ್ಮ ಕಸುಬಿನವನಿಗಲ್ಲದೆ ಬೇರೆ ಯಾರಿಗೂ ಇಂಥ ತಪ್ಪು ಹೊಳೆಯುವುದಿಲ್ಲ. ಹತ್ತು ವರ್ಷ ಪೊಟ್ಟಣದ ಹಳದಿ ಕುಡಿದಿದ್ದ ಗರಿಯದು. ಸಂಜೆಯ ಹೊತ್ತಿಗೆ ಒಂದು ಪೆಟ್ಟಿಗೆ ಗಿಲಕಿ ಕನ್ನಡಿಯ ಹಾಗೆ ಹೊಳೆಯಿತು. ಹನುಮಂತಯ್ಯ ಬೆನ್ನು ತಟ್ಟಿದ.

ತಿಂಗಳ ಮೇಲೆ ಕಂಪನಿಯಿಂದ ಪರೀಕ್ಷೆಯ ಕಾಗದ ಬಂತು. ಹಳದಿಯಲ್ಲಿ ಸೀಸ, ಮಗುವಿನ ಮೈಗೆ ವಿಷ. ಕೊನೆಯ ಪೆಟ್ಟಿಗೆಯಿಂದ ತೆಗೆದ ಗಿಲಕಿ. ಇಡೀ ಆರ್ಡರು ವಾಪಸ್ಸು.

ಸಂಘದ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿದರು. ಕಂಪನಿಯ ಹೆಂಗಸು ಕಾಗದ ಓದಿದಳು. "ಕೊನೆಯ ಪೆಟ್ಟಿಗೆ" ಅಂದ ಕೂಡಲೇ ಇದು ನನ್ನ ಹಳೆಯ ಗರಿಯ ಕೆಲಸ ಅಂತ ನನಗೆ ಗೊತ್ತಾಯಿತು. ನಾನು ಬಾಯಿ ಬಿಡುವ ಮೊದಲೇ ಕೆಂಚಮ್ಮ ಎದ್ದು ನಿಂತಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅಂತ ಗಾದೆ. ನಮ್ಮ ಸಭೆಯಲ್ಲಿ ಕದ್ದವನು ಕೈ ಕಟ್ಟಿ ಕೂತಿದ್ದ, ಕದಿಯದವಳು ಹೆಗಲು ಮುಟ್ಟಿಕೊಂಡಳು.

"ಮನೆ ಅರಿಸ್ನ ಸಾಲ್ದಾಯ್ತು. ಕಡೇ ಎರಡು ಮುದ್ದೆಗೆ ಸಂತೇಲಿ ತಂದಿದ್ದು ಹಾಕ್ದೆ," ಅಂದಳು. "ಕೊಂಬು ತಂದು ನಾನೇ ಕುಟ್ಟಿದ್ದು. ನಾಲ್ಗೆ ಮ್ಯಾಲೆ ಮಡಿಕಂಡೇ ಕೊಟ್ಟೆ. ಏನೂ ಅನ್ನಿಸ್ನಿಲ್ಲ."

ಅಷ್ಟು ಸಾಕಾಯಿತು. ಸಂತೆಯ ಅರಿಸಿನದ ಕೊಂಬಿಗೆ ಸೀಸದ ಹಳದಿ ಬಣ್ಣ ಸವರುತ್ತಾರೆ ಅಂತ ಎಲ್ಲರೂ ಬಲ್ಲರು. ಹನುಮಂತಯ್ಯ ಹಣೆ ಚಚ್ಚಿಕೊಂಡ. ಕಂಪನಿಯ ಹೆಂಗಸು ಮೆಲ್ಲಗೆ, ಪಾಠ ಹೇಳುವ ಧಾಟಿಯಲ್ಲಿ, "ಸೀಸಕ್ಕೆ ರುಚಿ ಇರಲ್ಲಮ್ಮ. ನಾಲಗೆಯಲ್ಲಿ ಟೆಸ್ಟ್ ಮಾಡೋಕಾಗಲ್ಲ," ಅಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೆಂಚಮ್ಮ ನಿಂತೇ ಇದ್ದಳು. ಒಂದು ಸಲ ನನ್ನ ಕಡೆ ನೋಡಿದಳು. ನಿನ್ನ ತಾಯಿ ಕಲಿಸಿದ ಪಾಠ ಅದು, ನೀನಾದರೂ ಒಂದು ಮಾತು ಹೇಳು ಅನ್ನುವ ಹಾಗೆ. ನಾನು ನೆಲ ನೋಡಿದೆ.

ಹೇಳಿದ್ದರೆ ಏನಾಗುತ್ತಿತ್ತು? ನನ್ನನ್ನು ಆರ್ಡರಿನಿಂದ ತೆಗೆಯುತ್ತಿದ್ದರು. ಹೊಳಪಿನ ವಹಾಬ್ ಅನ್ನುವ ಹೆಸರು ಹೋಗುತ್ತಿತ್ತು. ಅಷ್ಟೇ. ನೋಡಿದರೆ ಸಂತೆಯ ಅರಿಸಿನದ್ದೇ ಇರಬಹುದಲ್ಲ, ನನ್ನದೇ ಅಂತ ಏನು ಖಾತ್ರಿ ಅಂದುಕೊಂಡೆ. ಮನೆಗೆ ಬಂದವನು ಮಾಡಿದ ಮೊದಲ ಕೆಲಸ ಆ ಗರಿಯನ್ನು ಒಲೆಗೆ ಹಾಕಿದ್ದು. ಖಾತ್ರಿ ಇಲ್ಲದವನು ಹತ್ತು ವರ್ಷದ ಗರಿ ಸುಡುತ್ತಾನೆಯೇ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಂಚಮ್ಮನ ಕಡ್ಡಿ ನಿಂತಿತು. ಚೀಟಿಯಿಂದ ಹೆಸರು ಹೋಯಿತು. ಆಕೆಯಿಂದ ಕಲಿತ ಇಬ್ಬರು ಹೆಂಗಸರು ಪಟ್ಟಣದಲ್ಲಿ ಮುಂದುವರಿದರು, ಪಕ್ಕಾ ಪರೀಕ್ಷೆಯಾದ ಅರಿಸಿನ ಪುಡಿ ತರಿಸಿಕೊಂಡು. ಕೆಂಚಮ್ಮ ಬಿಡದಿಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯಲು, ಈರುಳ್ಳಿ ಹೆಚ್ಚಲು ಸೇರಿದಳು. ಬೆಳಗಿನ ಬಸ್ಸಿನಲ್ಲಿ ಆಕೆ ಕಂಡರೆ ನಾನು ಮುಂದಿನ ಬಸ್ಸಿಗೆ ಕಾಯುತ್ತಿದ್ದೆ.

ಏಳು ವರ್ಷ ನಾನು "ಇರಬಹುದು" ಅನ್ನುವ ಮಾತಿನ ಮರೆಯಲ್ಲಿ ಬದುಕಿದೆ. ಆಮೇಲೆ ಕಾಲೇಜಿನ ಒಂದು ಹುಡುಗಿ, ಬಂದೂಕಿನ ಆಕಾರದ ಒಂದು ಯಂತ್ರ ಹಿಡಿದು, ಬೀದಿಯ ಬಣ್ಣಗಳನ್ನೆಲ್ಲ ಅಳೆಯುತ್ತ ಬಂದಳು. ಬಣ್ಣದ ಮೇಲೆ ಹಿಡಿದರೆ ಸೀಸ ಇದೆಯೋ ಇಲ್ಲವೋ ಅಂತ ಅದು ಹೇಳುತ್ತಿತ್ತು. ಆ ಕೊನೆಯ ಮುದ್ದೆಯ ಒಂದು ತುಂಡು ಕಡ್ಡಿ ನನ್ನ ಡಬ್ಬಿಯಲ್ಲಿ ಉಳಿದಿತ್ತು, ಸಂತೆಯ ಅರಿಸಿನದ್ದು. ಯಾಕೆ ಕೊಟ್ಟೆನೋ, ಕೊಟ್ಟೆ. ಹುಡುಗಿ ಎರಡು ಸಲ ಹಿಡಿದು ನೋಡಿದಳು. "ಇದರಲ್ಲಿ ಸೀಸ ಇಲ್ಲವೇ ಇಲ್ಲ ಅಂಕಲ್. ಯಾರು ಮಾಡಿದ್ದು?" ಅಂದಳು.

ಮರುದಿನ ಕಣ್ವದ ಕಡೆ, ಕೆಂಚಮ್ಮನ ಊರಿಗೆ ಹೋದೆ. ಮಂಡಿ ನೋವೆಂದು ಅಷ್ಟರಲ್ಲಿ ಕ್ಯಾಂಟೀನು ಬಿಟ್ಟಿದ್ದಳು. ಸೊಪ್ಪಿನ ಸಾರಿನ ಒಲೆಯ ಮುಂದೆ ಕೂತಿದ್ದವಳು ನನ್ನನ್ನು ಕಂಡು, "ಬಾ ವಹಾಬಣ್ಣ," ಅಂದಳು, ನಿನ್ನೆ ಬಂದು ಹೋದವನನ್ನು ಕರೆಯುವಂತೆ. ಸೌಟಿನಲ್ಲಿ ಸಾರು ತೆಗೆದು ಸೊಸೆಯ ಅಂಗೈಗೆ ಹಾಕಿ, "ಉಪ್ಪು ನೋಡಮ್ಮ," ಅಂದಳು. ಸೊಸೆ ನನ್ನ ಕಡೆ ತಿರುಗಿ ನಗುತ್ತ, "ಏಳು ವರ್ಸ ಆಯ್ತು ನೋಡಿ, ಅಡಿಗೆ ಅವ್ರೇ ಮಾಡ್ತಾರೆ, ರುಚಿ ಮಾತ್ರ ನೋಡಾಕಿಲ್ಲ. ಕ್ಯಾಂಟೀನಲ್ಲಿ ಯಾರಾದ್ರೂ ರುಚಿ ನೋಡು ಅಂದ್ರೂ ನೋಡ್ತಿರ್ನಿಲ್ವಂತೆ," ಅಂದಳು. ಆ ಹೆಣ್ಣುಮಗಳಿಗೆ ಅದೊಂದು ವಿಚಿತ್ರ ಅಭ್ಯಾಸ ಮಾತ್ರ.

ನನಗೆ ತಡೆಯಲಾಗಲಿಲ್ಲ. ಸೊಸೆ ಇದ್ದಾಳೆ ಅಂತಲೂ ನೋಡದೆ ಎಲ್ಲವನ್ನೂ ಹೇಳಿದೆ. ಗರಿ, ಹೊಳಪು, ಸುಟ್ಟದ್ದು, ಯಂತ್ರ, ಎಲ್ಲ. ಕೆಂಚಮ್ಮ ಬಯ್ಯಲಿಲ್ಲ, ಅಳಲಿಲ್ಲ. "ಅಂಗಾರೆ ನನ್ ಅರಿಸ್ನದಲ್ಲಿ ಏನೂ ಇರ್ನಿಲ್ಲ," ಅಂದಳು.

"ಇರ್ನಿಲ್ಲ."

"ಆ ಗಿಲಕಿ ಯಾವ್ದೋ ಮಗೀನ ಬಾಯಿಗೆ ಹೋಗಿದ್ರೆ ಅಂತ ಏಳು ವರ್ಸ ನಾನು ನಿದ್ದೆ ಮಾಡಿಲ್ಲ ಕಣಣ್ಣ. ನಿಂಗೆ ನಿದ್ದೆ ಬಂತಾ?"

ಕೆಂಚಮ್ಮ ಸೌಟು ಕೆಳಗಿಟ್ಟಳು.

"ನಂಗೆ ಹೇಳಿ ಏನ್ ಬಂತು? ಅಲ್ಲಿ ಹೋಗಿ ಹೇಳು. ಎಲ್ರ ಮುಂದೆ ನಿಂತಿದ್ನಲ್ಲ ನಾನು, ಅಲ್ಲಿ ಹೇಳು. ಹೇಳ್ಬುಟ್ಟು ಬಾ," ಅಂದಳು.

ಹೋದೆ. ಹೋಗಲಿಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ. ಸಂಘ ಮುಚ್ಚಿ ನಾಲ್ಕು ವರ್ಷವಾಗಿತ್ತು. ಹನುಮಂತಯ್ಯ ಪಾರ್ಶ್ವವಾಯು ಹೊಡೆದು ಹೋಗಿದ್ದ. ಹಾಲಿನ ಜಾಗದಲ್ಲಿ ಮೊಬೈಲ್ ಅಂಗಡಿ. ಅಂದಿನ ಸಭೆಯಲ್ಲಿ ಕೂತಿದ್ದ ಮೂವರು ಸಿಕ್ಕರು. ಒಬ್ಬನಿಗೆ ನೆನಪೇ ಇಲ್ಲ. ಇನ್ನೊಬ್ಬ, "ಬುಡ್ಲಾ, ಈಗ್ಯಾಕೆ ಆ ಪುರಾಣ," ಅಂದ. ಮೂರನೆಯವನು ತಾಜ್ ಪಾಷಾ, ನನ್ನ ಪಕ್ಕದ ಲೇತಿನವನೇ. ಪೂರ್ತಿ ಕೇಳಿಸಿಕೊಂಡು, "ಇಲ್ಲ ಇಲ್ಲ, ಅದು ಸಂತೆ ಅರಿಸಿನದ್ದೇ. ಆವಮ್ಮನೇ ಒಪ್ಕೊಂಡ್ಲಲ್ಲ," ಅಂದ. ಹೆದ್ದಾರಿಯಲ್ಲಿ ಕಂಪನಿಯದೇ ದೊಡ್ಡ ಮಳಿಗೆ ಇದೆ ಅಂತ ಅಲ್ಲಿಗೂ ಹೋದೆ. ಮ್ಯಾನೇಜರು ಒಳ್ಳೆಯ ಹುಡುಗ, ಕುರ್ಚಿ ಹಾಕಿ ನೀರು ಕೊಟ್ಟ. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿ, ಕೊನೆಗೆ ವಿನಯದಿಂದಲೇ, "ಕೆಂಚಮ್ಮ ಅಂದ್ರೆ ಯಾರು ಸರ್?" ಅಂದ.

ಮೂರು ದಿನ ಬಿಟ್ಟು ಕೆಂಚಮ್ಮನ ಮನೆಗೆ ಹೋದರೆ ಜಗಲಿಯ ಮೇಲೆ ಐದಾರು ಹೆಂಗಸರು ಕೂತಿದ್ದರು. ಅಕ್ಕಪಕ್ಕದವರು, ಆಕೆಯ ನಾದಿನಿ ದೊಡ್ಡಲಕ್ಷ್ಮಮ್ಮ, ಸೊಸೆ. ಕೆಂಚಮ್ಮ ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು ಕಂಬಕ್ಕೆ ಒರಗಿದ್ದಳು. ನಾನು ಹೋಗಿ ಬಂದ ಸುದ್ದಿ ಕೇಳಲಿ ಅಂತ ಅವರನ್ನೆಲ್ಲ ತಾನೇ ಕರೆಸಿದ್ದಳು. ದಿನವೂ ಕರೆಸುತ್ತಿದ್ದಳಂತೆ, ಇವತ್ತು ಬರುತ್ತಾನೆ, ಇವತ್ತು ಬರುತ್ತಾನೆ ಅಂತ.

"ಹೇಳಣ್ಣ, ಇವ್ರೂ ಕೇಳ್ಲಿ," ಅಂದಳು.

"ತಪ್ಪು ನಂದು, ಕೆಂಚಮ್ಮಂದಲ್ಲ ಅಂತ ಹೇಳ್ದೆ," ಅಂದೆ.

"ಏನಂದ್ರು?"

ಆ ಮುಖ ನೋಡಿಕೊಂಡು ಇದ್ದದ್ದನ್ನು ಹೇಳುವ ಎದೆ ನನಗಿರಲಿಲ್ಲ. "ಎಲ್ರೂ ಒಪ್ಪುದ್ರು. ಬೇಜಾರು ಮಾಡ್ಕೊಂಡ್ರು," ಅಂದೆ.

"ಎಲ್ರೂ ಅಂದ್ರೆ ಯಾರ್ಯಾರು?"

ಒಂದು ಹೆಸರು ಸಾಕಿತ್ತು. ಒಬ್ಬನ ಹೆಸರೂ ನನ್ನ ಬಾಯಿಗೆ ಬರಲಿಲ್ಲ. ಕೆಂಚಮ್ಮ ನನ್ನ ಮುಖ ನೋಡಿದಳು. ಯಾರೂ ಒಪ್ಪಿಲ್ಲ ಅನ್ನುವುದು ಆಕೆಗೆ ಅರ್ಥವಾಯಿತು ಅಂತ ನನಗೂ ಅರ್ಥವಾಯಿತು. ಆಮೇಲೆ ಆ ಹೆಂಗಸರ ಕಡೆ ತಿರುಗಿ, "ಕೇಳುದ್ರಲ್ಲ, ಎಲ್ರೂ ಒಪ್ಪವ್ರಂತೆ," ಅಂದಳು. ಅವರು, ಸದ್ಯ, ದೇವರು ಕಣ್ಣು ಬಿಟ್ಟ ಅಂದರು. ದೊಡ್ಡಲಕ್ಷ್ಮಮ್ಮ ಕಣ್ಣು ಒರೆಸಿಕೊಂಡಳು.

ನಾನು ಚಪ್ಪಲಿ ಮೆಟ್ಟುವಾಗ ಕೆಂಚಮ್ಮ ಕುಂಟುತ್ತ ಬಾಗಿಲ ತನಕ ಬಂದಳು. ಅವರಿಗೆ ಕೇಳಿಸದ ಹಾಗೆ, "ಇನ್ಮ್ಯಾಲೆ ಬರಬ್ಯಾಡ ಕಣಣ್ಣ," ಅಂದಳು.

ನಾನು ಮತ್ತೆ ಹೋಗಿಲ್ಲ.